ಕಡಿಮೆ ಕೇಡಿನ ಹೊಗೆ: ನಾಲ್ಕು ಶತಮಾನಗಳ ಹುಡುಕಾಟ

ಕ್ರಿ.ಶ. 1604ರ ಸುಮಾರು. ಬಿಜಾಪುರದ ಇಮ್ಮಡಿ ಇಬ್ರಾಹಿಂ ಆದಿಲಶಹನ ಮಗಳನ್ನು ಮೊಗಲ್ ರಾಜಕುಮಾರ ದಾನಿಯಾಲನಿಗೆ ತಂದುಕೊಳ್ಳುವ ಮಾತುಕತೆಗೆಂದು ಬಂದಿದ್ದ ರಾಯಭಾರಿ ಅಸದ್ ಬೇಗ್, ಆಗ್ರಾಕ್ಕೆ ಮರಳುವಾಗ ಕಾಣಿಕೆಗಳ ಜೊತೆಗೆ ಹೊಸದೊಂದು ಪದಾರ್ಥವನ್ನೂ ಒಯ್ದ. ಅದು ಹೊಗೆಸೊಪ್ಪು. ಅಂಥದ್ದನ್ನು ತಾನು ಹಿಂದೆಂದೂ ಕಂಡಿರಲಿಲ್ಲವೆಂದು ಆತ ತನ್ನ ವೃತ್ತಾಂತದಲ್ಲಿ ಬರೆದಿಟ್ಟಿದ್ದಾನೆ. ರತ್ನಖಚಿತವಾದ ಕೊಳವೆಯೊಂದನ್ನು ಸಿದ್ಧಪಡಿಸಿ, ಸೊಪ್ಪನ್ನು ತುಂಬಿ, ಅಕ್ಬರನ ಮುಂದಿಟ್ಟ.

ಬಾದಶಹ ಕುತೂಹಲದಿಂದ ಒಂದೆರಡು ಸಲ ಹೊಗೆ ಎಳೆದ. ಹಕೀಮ ತಡೆದ. ತಮ್ಮ ವೈದ್ಯ ಗ್ರಂಥಗಳಲ್ಲಿ ಇಲ್ಲದ, ಗುಣ ಗೊತ್ತಿಲ್ಲದ ವಸ್ತುವನ್ನು ದೊರೆಗೆ ಕೊಡುವುದು ಹೇಗೆ ಎಂಬುದು ಅವನ ಆಕ್ಷೇಪ. ಪರಂಗಿಯವರಲ್ಲೂ ಬುದ್ಧಿವಂತರಿದ್ದಾರೆ, ಯಾವ ಪದ್ಧತಿಯಾದರೂ ಒಂದು ಕಾಲಕ್ಕೆ ಹೊಸದೇ ತಾನೆ ಎಂಬುದು ಅಸದ್ ಬೇಗನ ವಾದ. ಅಕ್ಬರ್ ಮತ್ತೆ ಅದನ್ನು ರೂಢಿಸಿಕೊಳ್ಳಲಿಲ್ಲ. ಆದರೆ ಆಸ್ಥಾನದ ಸರದಾರರು ಬಿಡಲಿಲ್ಲ. 1617ರ ಹೊತ್ತಿಗೆ ಚಟ ಎಷ್ಟು ಹಬ್ಬಿತ್ತೆಂದರೆ ಅಕ್ಬರನ ಮಗ ಜಹಾಂಗೀರ್ ತಂಬಾಕು ಸೇವನೆಯನ್ನೇ ನಿಷೇಧಿಸಿ ಆಜ್ಞೆ ಹೊರಡಿಸಬೇಕಾಯಿತು. ಆಜ್ಞೆ ದಾಖಲೆಯಲ್ಲಿ ಉಳಿಯಿತು, ಚಟ ಜನರಲ್ಲಿ ಉಳಿಯಿತು.

ಹಕೀಮ ಮತ್ತು ರಾಯಭಾರಿಯ ನಡುವಿನ ಆ ವಾಗ್ವಾದ ಇಂದಿಗೂ ಮುಗಿದಿಲ್ಲ. ಬಿಡಲಾಗದವರಿಗೆ ಕಡಿಮೆ ಕೇಡಿನ ಇನ್ನೊಂದು ವಸ್ತು ಇದೆಯೇ ಎಂಬ ರೂಪದಲ್ಲಿ ಅದು ಮತ್ತೆ ಮತ್ತೆ ಎದ್ದಿದೆ. ಹುಕ್ಕಾ, ಫಿಲ್ಟರ್ ಸಿಗರೇಟು, ‘ಲೈಟ್’ ಸಿಗರೇಟು, ಜಗಿಯುವ ತಂಬಾಕು, ಈಗ ವಿದ್ಯುತ್ ಸಿಗರೇಟು. ಇವೆಲ್ಲ ಒಂದೊಂದು ಕಾಲಕ್ಕೆ ಈ ಪ್ರಶ್ನೆಗೆ ಉತ್ತರವೆನಿಸಿಕೊಂಡವು. ಆ ಉತ್ತರಗಳಲ್ಲಿ ಎಷ್ಟು ನಿಜ, ಎಷ್ಟು ವ್ಯಾಪಾರ ಎಂಬುದನ್ನು ತಿಳಿಯಲು ಅವುಗಳ ಚರಿತ್ರೆಯನ್ನು ಒಮ್ಮೆ ನೋಡುವುದು ಒಳ್ಳೆಯದು.

ನೀರಲ್ಲಿ ತೊಳೆದ ಹೊಗೆ

ಹೊಗೆಯನ್ನು ನೀರಿನ ಮೂಲಕ ಹಾಯಿಸಿದರೆ ಅದರ ವಿಷ ಕಳೆಯುತ್ತದೆಂಬ ನಂಬಿಕೆ ಬಹಳ ಹಳೆಯದು. ಅಕ್ಬರನ ಆಸ್ಥಾನದ ಹಕೀಮ ಅಬುಲ್ ಫತ್ ಗೀಲಾನಿ ಇದೇ ಉದ್ದೇಶದಿಂದ ಹುಕ್ಕಾವನ್ನು ಕಂಡುಹಿಡಿದನೆಂಬ ಕಥೆ ಇಂದಿಗೂ ಪುಸ್ತಕಗಳಲ್ಲಿ ಸಿಗುತ್ತದೆ. ಆದರೆ ಕಾಲ ಹೊಂದುವುದಿಲ್ಲ. ಗೀಲಾನಿ ತೀರಿಕೊಂಡದ್ದು 1589ರಲ್ಲಿ. ಅಸದ್ ಬೇಗ್ ಬಿಜಾಪುರದಿಂದ ಹೊಗೆಸೊಪ್ಪು ತಂದದ್ದು ಅದಾಗಿ ಸುಮಾರು 15 ವರ್ಷಗಳ ಮೇಲೆ. ಕಥೆಯಲ್ಲಿ ವೈದ್ಯನ ಹೆಸರು ಸೇರಿಕೊಂಡಿದ್ದು ಮಾತ್ರ ಅರ್ಥಪೂರ್ಣ. ಚಟಕ್ಕೆ ವೈದ್ಯನ ಒಪ್ಪಿಗೆಯ ಮುದ್ರೆ ಬೇಕಿತ್ತು. ಜನ ಅದನ್ನು ಹುಡುಕಿ ಒತ್ತಿದರು.

ವಿಜ್ಞಾನ ಹೇಳುವುದು ಬೇರೆ. ನೀರು ಹೊಗೆಯನ್ನು ತಣ್ಣಗೆ ಮಾಡುತ್ತದೆ, ಗಂಟಲಿಗೆ ಹಿತವೆನಿಸುತ್ತದೆ. ಆದರೆ ಇಂಗಾಲದ ಮಾನಾಕ್ಸೈಡ್ ನೀರಿನಲ್ಲಿ ನಿಲ್ಲುವುದಿಲ್ಲ. ಮೇಲಿನ ಚಿಲುಮೆಯ ಇದ್ದಿಲ ಕೆಂಡ ಅದೇ ಅನಿಲವನ್ನು ಇನ್ನಷ್ಟು ಸೇರಿಸುತ್ತದೆ. ಹಿತವಾದ ಹೊಗೆಯನ್ನು ಮನುಷ್ಯ ಇನ್ನೂ ಆಳವಾಗಿ, ಇನ್ನೂ ಹೆಚ್ಚು ಹೊತ್ತು ಎಳೆಯುತ್ತಾನೆ. ಸುಮಾರು ಒಂದು ಗಂಟೆ ಹುಕ್ಕಾ ಸೇದಿದಾಗ ಒಳಗೆ ಹೋಗುವ ಹೊಗೆಯ ಪ್ರಮಾಣ ಒಂದು ಸಿಗರೇಟಿನ ಹೊಗೆಗಿಂತ 100ರಿಂದ 200 ಪಟ್ಟು ಆಗಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹಾ ಸಮಿತಿ 2005ರಲ್ಲಿ ಎಚ್ಚರಿಸಿತು. ಬೆಂಗಳೂರಿನ ಕೆಫೆಗಳಲ್ಲಿ ಹಣ್ಣಿನ ವಾಸನೆಯೊಡನೆ ಹುಕ್ಕಾ ಮರಳಿ ಬಂದಾಗ ಅದನ್ನು ಸೇದಿದ ಹುಡುಗ ಹುಡುಗಿಯರಲ್ಲಿ ಅನೇಕರು ತಾವು ಧೂಮಪಾನಿಗಳೆಂದು ತಿಳಿದಿರಲಿಲ್ಲ. 2024ರ ಫೆಬ್ರವರಿಯಲ್ಲಿ ರಾಜ್ಯ ಸರಕಾರ ಹುಕ್ಕಾ ಮಾರಾಟ ಮತ್ತು ಸೇವನೆಯನ್ನು ನಿಷೇಧಿಸಿತು.

ಭಯ ಹುಟ್ಟಿಸಿದ ಫಿಲ್ಟರು

ಸಿಗರೇಟಿಗೆ ಬದಲಿಯ ಹುಡುಕಾಟ ಜೋರಾದದ್ದು 1950ರ ನಂತರ. ಆ ವರ್ಷ ಅಮೆರಿಕದಲ್ಲಿ ವಿಂಡರ್ ಮತ್ತು ಗ್ರಹಾಂ, ಬ್ರಿಟನ್ನಿನಲ್ಲಿ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಬಯಲು ಮಾಡಿದರು. ರಸ್ತೆಗೆ ಬಳಿಯುವ ಡಾಂಬರು ಅಥವಾ ವಾಹನಗಳ ಹೊಗೆ ಕಾರಣವಿರಬಹುದೆಂಬ ಅನುಮಾನದಿಂದ ಕೆಲಸ ಆರಂಭಿಸಿದ್ದ ಡಾಲ್, ಅಂಕಿಸಂಖ್ಯೆಗಳನ್ನು ನೋಡಿದ ಮೇಲೆ ತಾವೇ ಸಿಗರೇಟು ಬಿಟ್ಟರು. 1953ರಲ್ಲಿ ಸಿಗರೇಟಿನ ಟಾರನ್ನು ಇಲಿಗಳ ಚರ್ಮಕ್ಕೆ ಬಳಿದಾಗ ಅಲ್ಲಿ ಕ್ಯಾನ್ಸರ್ ಗಡ್ಡೆಗಳು ಎದ್ದ ಸುದ್ದಿ ಬಂತು.

ಕಂಪನಿಗಳು ಎರಡು ಕೆಲಸ ಮಾಡಿದವು. ಒಂದು, 1954ರ ಜನವರಿಯಲ್ಲಿ ಅಮೆರಿಕದ 400ಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಜಂಟಿ ಜಾಹೀರಾತು ಕೊಟ್ಟು, ಅಪಾಯ ಇನ್ನೂ ಸಾಬೀತಾಗಿಲ್ಲವೆಂದೂ ಗ್ರಾಹಕರ ಆರೋಗ್ಯವೇ ತಮಗೆ ಮುಖ್ಯವೆಂದೂ ಹೇಳಿಕೊಂಡವು. ಎರಡು, ಫಿಲ್ಟರನ್ನು ಮುಂದೆ ತಂದವು. 1950ರಲ್ಲಿ ಅಮೆರಿಕದಲ್ಲಿ ಮಾರಾಟವಾಗುತ್ತಿದ್ದ ಸಿಗರೇಟುಗಳಲ್ಲಿ ಫಿಲ್ಟರಿದ್ದವು ನೂರಕ್ಕೆ ಒಂದರಷ್ಟೂ ಇರಲಿಲ್ಲ. 1960ರ ವೇಳೆಗೆ ಅವು ಅರ್ಧದಷ್ಟಾದವು. ಬಿಡಬೇಕೆಂದುಕೊಂಡಿದ್ದ ಎಷ್ಟೋ ಜನ ಬಿಡುವ ಬದಲು ಬ್ರ್ಯಾಂಡು ಬದಲಿಸಿದರು.

ಫಿಲ್ಟರಿನೊಳಗೆ ಇದ್ದುದೇನು? 1952ರಲ್ಲಿ ಬಂದ ‘ಕೆಂಟ್’ ಸಿಗರೇಟಿನ ಹೆಸರಾಂತ ‘ಮೈಕ್ರೊನೈಟ್’ ಫಿಲ್ಟರಿನಲ್ಲಿ 1956ರವರೆಗೆ ನೀಲಿ ಆಸ್‌ಬೆಸ್ಟಾಸ್ ಎಳೆಗಳಿದ್ದವು. ಶ್ವಾಸಕೋಶದ ಪೊರೆಗೆ ಕ್ಯಾನ್ಸರ್ ತರುವಲ್ಲಿ ಅತಿ ಅಪಾಯಕಾರಿಯೆಂದು ಗೊತ್ತಾಗಿರುವ ವಸ್ತು ಅದು. ಅಮೆರಿಕದ ಮ್ಯಾಸಚುಸೆಟ್ಸ್ ರಾಜ್ಯದಲ್ಲಿ ಆ ಫಿಲ್ಟರಿನ ವಸ್ತುವನ್ನು ತಯಾರಿಸುತ್ತಿದ್ದ ಕಾರ್ಖಾನೆಯ 33 ಕಾರ್ಮಿಕರ ಬಗ್ಗೆ 1989ರಲ್ಲಿ ವೈದ್ಯಕೀಯ ವರದಿಯೊಂದು ಪ್ರಕಟವಾಯಿತು. ಸಾಮಾನ್ಯ ಲೆಕ್ಕದಲ್ಲಿ ಸುಮಾರು 8 ಮಂದಿ ಸಾಯಬೇಕಿದ್ದ ಅವಧಿಯಲ್ಲಿ ಅವರ ಪೈಕಿ 28 ಮಂದಿ ಸತ್ತಿದ್ದರು. ಸಿಗರೇಟಿನ ಕೇಡನ್ನು ತಪ್ಪಿಸಲು ಬಂದ ಸಾಧನ ತಾನೇ ಕೇಡಾಗಿತ್ತು.

‘ಲೈಟ್’ ಎಂಬ ಮಾಯಾಪದ

1964ರ ಜನವರಿಯಲ್ಲಿ ಅಮೆರಿಕದ ಸರ್ಜನ್ ಜನರಲ್ ವರದಿ ಹೊರಬಿದ್ದ ಮೇಲೆ ಗಮನ ಟಾರಿನ ಕಡೆ ತಿರುಗಿತು. ಟಾರು, ನಿಕೊಟಿನ್ ಎಷ್ಟಿದೆಯೆಂದು ಅಳೆಯಲು ಅಲ್ಲಿನ ಸರಕಾರ 1967ರಲ್ಲಿ ಯಂತ್ರದ ಪರೀಕ್ಷೆಯನ್ನು ಜಾರಿಗೆ ತಂದಿತು. ಯಂತ್ರ ನಿಮಿಷಕ್ಕೊಮ್ಮೆ, ಎರಡು ಸೆಕೆಂಡು, 35 ಮಿಲಿಲೀಟರ್ ಹೊಗೆ ಎಳೆಯುತ್ತಿತ್ತು. ಕಂಪನಿಗಳು ಫಿಲ್ಟರಿನ ಸುತ್ತ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳನ್ನು ಕೊರೆದವು. ಯಂತ್ರ ಎಳೆದಾಗ ರಂಧ್ರಗಳಿಂದ ಗಾಳಿ ಸೇರಿ ಹೊಗೆ ತೆಳುವಾಗುತ್ತಿತ್ತು. ಪಟ್ಟಿಯಲ್ಲಿ ಟಾರಿನ ಅಂಕಿ ಇಳಿಯುತ್ತಿತ್ತು. ಪೊಟ್ಟಣದ ಮೇಲೆ ‘ಲೈಟ್’, ‘ಮೈಲ್ಡ್’ ಎಂಬ ಪದಗಳು ಬಂದವು.

ಯಂತ್ರಕ್ಕೆ ಚಟವಿಲ್ಲ, ಮನುಷ್ಯನಿಗೆ ಇದೆ. ರಕ್ತಕ್ಕೆ ಬೇಕಾದಷ್ಟು ನಿಕೊಟಿನ್ ಸಿಗುವವರೆಗೆ ಆತ ಜೋರಾಗಿ ಎಳೆಯುತ್ತಾನೆ, ಹೆಚ್ಚು ಸಲ ಎಳೆಯುತ್ತಾನೆ, ತನಗರಿವಿಲ್ಲದೆ ತುಟಿಯಿಂದಲೋ ಬೆರಳಿನಿಂದಲೋ ಆ ರಂಧ್ರಗಳನ್ನು ಮುಚ್ಚಿಬಿಡುತ್ತಾನೆ. ‘ಲೈಟ್’ ಸಿಗರೇಟಿನಿಂದ ಆರೋಗ್ಯಕ್ಕೆ ಲಾಭವಾದ ಪುರಾವೆಯಿಲ್ಲವೆಂದು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 2001ರಲ್ಲಿ ಹೇಳಿತು. 2006ರಲ್ಲಿ ನ್ಯಾಯಾಧೀಶೆ ಗ್ಲಾಡಿಸ್ ಕೆಸ್ಲರ್ ಅವರು, ಈ ಸತ್ಯ ಗೊತ್ತಿದ್ದೂ ಕಂಪನಿಗಳು ದಶಕಗಳ ಕಾಲ ಜನರನ್ನು ವಂಚಿಸಿದವೆಂದು ತೀರ್ಪಿತ್ತರು. 2014ರ ಸರ್ಜನ್ ಜನರಲ್ ವರದಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಶ್ವಾಸಕೋಶದ ಒಳತುದಿಗಳಲ್ಲಿ ಏಳುವ ಒಂದು ಬಗೆಯ ಕ್ಯಾನ್ಸರ್ ಹೆಚ್ಚಲು ಸಿಗರೇಟಿನ ರಚನೆಯಲ್ಲಿ ಆದ ಬದಲಾವಣೆಗಳೇ ಕಾರಣವೆಂದೂ, ಅವುಗಳಲ್ಲಿ ಈ ರಂಧ್ರಗಳೂ ಸೇರಿರಬಹುದೆಂದೂ ಅದು ಬೊಟ್ಟು ಮಾಡಿತು.

ನಮ್ಮವೇ ಆದ ಬದಲಿಗಳು

ಭಾರತದಲ್ಲಿ ಸಿಗರೇಟಿನ ಕಥೆಯೊಂದನ್ನೇ ಹೇಳಿದರೆ ಅರ್ಧ ಕಥೆಯನ್ನೂ ಹೇಳಿದಂತಾಗದು. 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಸಿಗರೇಟು ಸೇದುವವರು ಶೇ. 4, ಬೀಡಿ ಸೇದುವವರು ಶೇ. 7.7, ಹೊಗೆರಹಿತ ತಂಬಾಕು ಬಳಸುವವರು ಶೇ. 21.4. ಕರ್ನಾಟಕದಲ್ಲಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದವರು ಶೇ. 22.8.

ಬೀಡಿ ‘ನಾಡ ಎಲೆ’ಯದು, ಕಾಗದವಿಲ್ಲ, ತಂಬಾಕೂ ಕಡಿಮೆ, ಆದ್ದರಿಂದ ಸಿಗರೇಟಿನಷ್ಟು ಕೆಟ್ಟದ್ದಲ್ಲ ಎಂಬ ಮಾತು ಹಳ್ಳಿಗಳಲ್ಲಿ ಸಾಮಾನ್ಯ. ಬೀಡಿಯಲ್ಲಿ ತಂಬಾಕು ಕಡಿಮೆಯಿರುವುದು ನಿಜ. ಆದರೆ ಬೀಡಿ ಎಲೆಯಲ್ಲಿ ಗಾಳಿ ಆಡುವುದಿಲ್ಲ; ಎಳೆಯದೆ ಬಿಟ್ಟರೆ ಬೀಡಿ ಆರಿಹೋಗುತ್ತದೆ. ಹಾಗಾಗಿ ಸೇದುವವನು ಪದೇ ಪದೇ, ಬಲವಾಗಿ ಎಳೆಯಲೇಬೇಕು. ಟಾರು, ಇಂಗಾಲದ ಮಾನಾಕ್ಸೈಡ್ ಎರಡೂ ಧಾರಾಳವಾಗಿ ಒಳಗಿಳಿಯುತ್ತವೆ. 2008ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಪ್ರಕಾರ ಭಾರತದಲ್ಲಿ ಧೂಮಪಾನದಿಂದ ಗಂಡಸರ ಆಯುಷ್ಯ ಸುಮಾರು 6 ವರ್ಷ, ಹೆಂಗಸರದು ಸುಮಾರು 8 ವರ್ಷ ಕಡಿಮೆಯಾಗುತ್ತಿತ್ತು. ಆ ಧೂಮಪಾನಿಗಳಲ್ಲಿ ಬೀಡಿಯವರೇ ಬಹುಪಾಲು. ಗಿಡಮೂಲಿಕೆಯ ಬೀಡಿ, ಸಿಗರೇಟುಗಳ ಲೆಕ್ಕವೂ ಇದೇ. ಅವುಗಳಲ್ಲಿ ನಿಕೊಟಿನ್ ಇಲ್ಲದಿರಬಹುದು. ಆದರೆ ತುಳಸಿಯೇ ಆಗಲಿ, ಬೇರೆ ಸೊಪ್ಪೇ ಆಗಲಿ, ಸುಟ್ಟರೆ ಟಾರೂ ವಿಷಾನಿಲವೂ ಹುಟ್ಟಿಯೇ ತೀರುತ್ತವೆ.

ಸುಡದಿದ್ದರೆ? ನಶ್ಯ, ಕಡ್ಡಿಪುಡಿ, ಖೈನಿ, ಗುಟ್ಕಾಗಳಲ್ಲಿ ಹೊಗೆಯಿಲ್ಲ. ಶ್ವಾಸಕೋಶಕ್ಕೆ ಆ ಮಟ್ಟಿಗೆ ಬಿಡುವು. ಕೇಡು ಜಾಗ ಬದಲಿಸುತ್ತದೆ, ಅಷ್ಟೆ. ನಶ್ಯ ಸೇದುವವರ ಮೂಗಿನಲ್ಲಿ ಕ್ಯಾನ್ಸರ್ ಹುಣ್ಣುಗಳನ್ನು ಕಂಡ ಲಂಡನ್ನಿನ ವೈದ್ಯ ಜಾನ್ ಹಿಲ್ 1761ರಲ್ಲೇ ಎಚ್ಚರಿಕೆ ಬರೆದಿದ್ದ. ನಮ್ಮಲ್ಲಿ ತಂಬಾಕಿನ ಜೊತೆಗೆ ಸುಣ್ಣ, ಅಡಿಕೆ ಸೇರುತ್ತವೆ. ಸುಣ್ಣ ನಿಕೊಟಿನ್ ಬೇಗ ಹೀರಿಕೆಯಾಗುವಂತೆ ಮಾಡುತ್ತದೆ. ಅಡಿಕೆ ತಾನಾಗಿಯೇ ಕ್ಯಾನ್ಸರ್‌ಕಾರಕವೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ವರ್ಗೀಕರಿಸಿದೆ. ಬಾಯಿ ತೆರೆಯಲಾಗದಂತೆ ಕೆನ್ನೆಯ ಒಳಪದರ ಗಡುಸಾಗುವ ಕಾಯಿಲೆ, ಅದರ ಹಿಂದೆ ಬರುವ ಬಾಯಿ ಕ್ಯಾನ್ಸರ್ ನಮ್ಮ ಆಸ್ಪತ್ರೆಗಳಿಗೆ ಹೊಸತಲ್ಲ. ಅಡಿಕೆ ಬೆಳೆದು ಬದುಕುವ ಮಲೆನಾಡು, ಕರಾವಳಿಯವರಿಗೆ ಕಹಿಯೆನಿಸುವ ಸಂಗತಿಯಿದು. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಕೂಡಲೇ ಗೂಡಂಗಡಿಗಳಲ್ಲಿ ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣವಾಗಿ ತೂಗಾಡತೊಡಗಿದವು. ಕೊಂಡವನು ತಾನೇ ಬೆರೆಸಿಕೊಂಡ.

ಸ್ವೀಡನ್ನಿನ ಅನುಭವ ಇದಕ್ಕಿಂತ ಭಿನ್ನ. ಅಲ್ಲಿನ ‘ಸ್ನೂಸ್’ ಎಂಬ ತುಟಿಯಡಿ ಇಡುವ ತಂಬಾಕನ್ನು ಹಬೆಯಲ್ಲಿ ಬೇಯಿಸಿ, ಕ್ಯಾನ್ಸರ್‌ಕಾರಕ ನೈಟ್ರೊಸಮೀನ್‌ಗಳು ಕಡಿಮೆಯಿರುವಂತೆ ತಯಾರಿಸುತ್ತಾರೆ. ಸಿಗರೇಟಿನ ಬದಲು ಅದನ್ನು ಹಿಡಿದ ಗಂಡಸರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಯುರೋಪಿನ ಉಳಿದ ಕಡೆಗಿಂತ ಕಡಿಮೆ. ಅದನ್ನು ತೋರಿಸಿ ನಮ್ಮ ಗುಟ್ಕಾವನ್ನು ಸಮರ್ಥಿಸಲು ಬರುವುದಿಲ್ಲ. ಒಂದೇ ಹೆಸರಿನ ಗುಂಪಿಗೆ ಸೇರಿದ ಮಾತ್ರಕ್ಕೆ ವಸ್ತು ಒಂದೇ ಆಗುವುದಿಲ್ಲ.

ನಿಕೊಟಿನ್ ಬೇರೆ, ಹೊಗೆ ಬೇರೆ

ಈ ಗೊಂದಲದಲ್ಲಿ ಒಂದು ಸ್ಪಷ್ಟ ದಾರಿ ಕಂಡಿದ್ದು 1960ರ ದಶಕದ ಕೊನೆಯಲ್ಲಿ. ಸ್ವೀಡನ್ನಿನ ಜಲಾಂತರ್ಗಾಮಿ ನೌಕೆಗಳಲ್ಲಿ ಸಿಗರೇಟು ಸೇದುವಂತಿರಲಿಲ್ಲ. ನಾವಿಕರು ತಂಬಾಕು ಜಗಿದು ಸುಧಾರಿಸಿಕೊಳ್ಳುತ್ತಿದ್ದರು. ಇದು ಔಷಧ ಸಂಶೋಧಕ ಊವೆ ಫೆರ್ನೆಗೆ ತಿಳಿಯಿತು. ಹಾಗಾದರೆ ಶುದ್ಧ ನಿಕೊಟಿನನ್ನೇ ಚೂಯಿಂಗ್ ಗಮ್ಮಿನಲ್ಲಿ ಕೊಡಬಾರದೇಕೆ ಎಂದು ಅವರು ಯೋಚಿಸಿದರು. ಆ ಗಮ್ಮಿಗೆ 1978ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ, 1984ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಜನ ಸೇದುವುದು ನಿಕೊಟಿನ್‌ಗಾಗಿ, ಸಾಯುವುದು ಟಾರಿನಿಂದ ಎಂಬರ್ಥದ ಮಾತನ್ನು ಲಂಡನ್ನಿನ ಮನೋವೈದ್ಯ ಮೈಕೆಲ್ ರಸೆಲ್ 1976ರಲ್ಲಿ ಬರೆದಿದ್ದರು.

ಹಾಗೆಂದು ನಿಕೊಟಿನ್ ನಿರಪಾಯಕಾರಿಯಲ್ಲ. ಅದು ಗಟ್ಟಿ ಚಟ ಹಿಡಿಸುವ ವಸ್ತು. ಹೃದಯದ ಬಡಿತ, ರಕ್ತದೊತ್ತಡ ಏರಿಸುತ್ತದೆ. ಗರ್ಭದ ಶಿಶುವಿಗೂ ಬೆಳೆಯುವ ಮಿದುಳಿಗೂ ಒಳ್ಳೆಯದಲ್ಲ. ಆದರೆ ತಂಬಾಕು ಸುಟ್ಟಾಗ ಹುಟ್ಟುವ 7000ಕ್ಕೂ ಹೆಚ್ಚು ರಾಸಾಯನಿಕಗಳಲ್ಲಿ ಸುಮಾರು 70 ಕ್ಯಾನ್ಸರ್‌ಕಾರಕಗಳು. ಕೊಲೆಗಾರರ ಗುಂಪು ಅಲ್ಲಿದೆ.

ವಿದ್ಯುತ್ ಸಿಗರೇಟಿನ ಎರಡು ಮುಖ

ಇದೇ ತರ್ಕದ ಮೇಲೆ ನಿಂತದ್ದು ವಿದ್ಯುತ್ ಸಿಗರೇಟು. ಅಮೆರಿಕದ ಹರ್ಬರ್ಟ್ ಗಿಲ್ಬರ್ಟ್ 1965ರಲ್ಲೇ ತಂಬಾಕಿಲ್ಲದ, ಹೊಗೆಯಿಲ್ಲದ ಸಿಗರೇಟಿಗೆ ಪೇಟೆಂಟ್ ಪಡೆದಿದ್ದರು. ಕೊಳ್ಳುವವರಿರಲಿಲ್ಲ. 2003ರಲ್ಲಿ ಚೀನಾದ ಔಷಧತಜ್ಞ ಹೊನ್ ಲಿಕ್ ಈಗಿನ ಮಾದರಿಯನ್ನು ರೂಪಿಸಿದರು. ಬ್ಯಾಟರಿಯ ಶಾಖಕ್ಕೆ ನಿಕೊಟಿನ್ ಬೆರೆತ ದ್ರವ ಹಬೆಯಾಗುತ್ತದೆ; ಸೇದುವವನು ಎಳೆಯುವುದು ಆ ಹಬೆಯನ್ನು. ಉರಿಯುವುದಿಲ್ಲ, ಆದ್ದರಿಂದ ಟಾರಿಲ್ಲ, ಇಂಗಾಲದ ಮಾನಾಕ್ಸೈಡ್ ಇಲ್ಲವೆನ್ನುವಷ್ಟು ಕಡಿಮೆ.

ಬ್ರಿಟನ್ ಇದನ್ನು ಸ್ವಾಗತಿಸಿತು. ಸಿಗರೇಟಿಗಿಂತ ಶೇ. 95ರಷ್ಟು ಕಡಿಮೆ ಹಾನಿಕರವೆಂದು ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಇಲಾಖೆ 2015ರಲ್ಲಿ ಅಂದಾಜು ಮಾಡಿತು. ಆ ಅಂಕಿಗೆ ಆಧಾರ ಅಳತೆಯಲ್ಲ, ಕೆಲವು ತಜ್ಞರ ಅಭಿಪ್ರಾಯವೆಂಬ ಟೀಕೆಯೂ ಬಂತು. ಹೆಚ್ಚು ಗಟ್ಟಿಯಾದ ಪುರಾವೆ ಸಿಕ್ಕಿದ್ದು 2019ರಲ್ಲಿ. ಬಿಡಲು ಬಯಸಿದ 886 ಧೂಮಪಾನಿಗಳ ಮೇಲೆ ಇಂಗ್ಲೆಂಡಿನಲ್ಲಿ ನಡೆದ ಪ್ರಯೋಗದಲ್ಲಿ, ಒಂದು ವರ್ಷದ ನಂತರ ಸಿಗರೇಟಿನಿಂದ ದೂರವಿದ್ದವರು ವಿದ್ಯುತ್ ಸಿಗರೇಟಿನ ಗುಂಪಿನಲ್ಲಿ ಶೇ. 18, ಗಮ್, ಪಟ್ಟಿ ಮುಂತಾದವುಗಳ ಗುಂಪಿನಲ್ಲಿ ಶೇ. 9.9. ಆದರೆ ಅದೇ ಪ್ರಯೋಗದ ಇನ್ನೊಂದು ಅಂಕಿಯನ್ನೂ ಓದಬೇಕು. ಹಾಗೆ ಸಿಗರೇಟು ಬಿಟ್ಟವರಲ್ಲಿ ಶೇ. 80 ಮಂದಿ ವರ್ಷದ ನಂತರವೂ ವಿದ್ಯುತ್ ಸಿಗರೇಟನ್ನು ಬಿಟ್ಟಿರಲಿಲ್ಲ. ಇನ್ನೊಂದು ಗುಂಪಿನಲ್ಲಿ ಗಮ್, ಪಟ್ಟಿಗೆ ಅಂಟಿಕೊಂಡವರು ಶೇ. 9 ಮಾತ್ರ.

ಅದೇ ವರ್ಷ ಅಮೆರಿಕ ಕಂಡದ್ದು ಬೇರೆ ಮುಖ. ಅಲ್ಲಿನ ಪ್ರೌಢಶಾಲೆಗಳ ಮಕ್ಕಳಲ್ಲಿ ಶೇ. 27.5 ಮಂದಿ ವಿದ್ಯುತ್ ಸಿಗರೇಟು ಬಳಸುತ್ತಿದ್ದರು. ಇವರು ಸಿಗರೇಟು ಬಿಡಲು ಬಂದವರಲ್ಲ. ಇವರಲ್ಲಿ ಎಷ್ಟೋ ಮಂದಿ ಸಿಗರೇಟನ್ನೇ ಮುಟ್ಟಿರಲಿಲ್ಲ. ಈ ಮಕ್ಕಳಲ್ಲಿ ಹೆಚ್ಚು ಜನಪ್ರಿಯವಾಗಿದ್ದ ಜೂಲ್ ಕಂಪನಿಯ ಶೇ. 35 ಪಾಲನ್ನು 2018ರ ಡಿಸೆಂಬರಿನಲ್ಲಿ ಕೊಂಡದ್ದು ಮಾರ್ಲ್‌ಬರೊ ಸಿಗರೇಟಿನ ಒಡೆಯ ಆಲ್ಟ್ರಿಯಾ. ಕುರಿ ಕಾಯಲು ತೋಳನನ್ನು ನೇಮಿಸಿದಂತಾಯಿತು. 2019ರ ನಡುವಿನಲ್ಲಿ ಶ್ವಾಸಕೋಶದ ವಿಚಿತ್ರ ಕಾಯಿಲೆಯೊಂದು ಎದ್ದಿತು. 2020ರ ಫೆಬ್ರವರಿ ಹೊತ್ತಿಗೆ 2807 ಮಂದಿ ಅದಕ್ಕೆ ತುತ್ತಾಗಿ 68 ಮಂದಿ ಸತ್ತಿದ್ದರು. ಬಹುತೇಕರು ಸೇದಿದ್ದು ನಿಕೊಟಿನ್ ಅಲ್ಲ, ಕಾಳಸಂತೆಯ ಗಾಂಜಾ ಸಾರ; ಅದನ್ನು ಮಂದವಾಗಿಸಲು ಬೆರೆಸಿದ್ದ ‘ಇ’ ಜೀವಸತ್ವದ ಅಸಿಟೇಟ್ ಮುಖ್ಯ ಅಪರಾಧಿ. ಕೆಂಟ್ ಫಿಲ್ಟರಿನ ಆಸ್‌ಬೆಸ್ಟಾಸನ್ನು ಇದು ನೆನಪಿಸುತ್ತದೆ. ಮುಖ್ಯ ವಸ್ತುವಿನ ಮೇಲೆ ಎಲ್ಲರ ಕಣ್ಣಿದ್ದಾಗ ಪಕ್ಕದಲ್ಲಿ ಸೇರಿಸಿದ ವಸ್ತು ಕೊಂದಿತ್ತು.

ತಂಬಾಕನ್ನು ಸುಡದೆ ಬಿಸಿ ಮಾತ್ರ ಮಾಡುವ ‘ಐಕಾಸ್’ 2014ರಲ್ಲಿ ಜಪಾನಿನ ನಗೋಯದಲ್ಲಿ, ಇಟಲಿಯ ಮಿಲಾನಿನಲ್ಲಿ ಮಾರುಕಟ್ಟೆಗೆ ಬಂತು. ಹಾನಿಕರ ರಾಸಾಯನಿಕಗಳು ದೇಹಕ್ಕೆ ಸೇರುವುದು ಕಡಿಮೆ ಎಂದು ಹೇಳಿಕೊಳ್ಳಲು 2020ರ ಜುಲೈನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಒಪ್ಪಿತು. ಕಾಯಿಲೆಯ ಅಪಾಯ ಕಡಿಮೆ ಎಂದು ಹೇಳಿಕೊಳ್ಳಲು ಮಾತ್ರ ಒಪ್ಪಲಿಲ್ಲ. ಎರಡು ಮಾತುಗಳ ನಡುವೆ ಎಷ್ಟು ಅಂತರವಿದೆಯೆಂದು ‘ಲೈಟ್’ ಸಿಗರೇಟಿನ ಮೂರು ದಶಕಗಳು ಕಲಿಸಿದ್ದವು.

ನಿಷೇಧದ ನ್ಯಾಯ

ಕರ್ನಾಟಕ ವಿದ್ಯುತ್ ಸಿಗರೇಟನ್ನು 2016ರಲ್ಲೇ ನಿಷೇಧಿಸಿತು. ಕೇಂದ್ರ ಸರಕಾರ 2019ರ ಸೆಪ್ಟೆಂಬರ್ 18ರಂದು ಸುಗ್ರೀವಾಜ್ಞೆ ತಂದು, ಡಿಸೆಂಬರಿನಲ್ಲಿ ಕಾನೂನು ಮಾಡಿತು. ತಯಾರಿಕೆ, ಆಮದು, ಮಾರಾಟ, ಜಾಹೀರಾತು, ದಾಸ್ತಾನು ಎಲ್ಲವೂ ಅಪರಾಧ. ಬಿಸಿ ಮಾಡುವ ತಂಬಾಕಿನ ಸಾಧನಗಳೂ ಇದರಲ್ಲಿ ಸೇರಿವೆ. ಹೊಸ ತಲೆಮಾರು ಚಟಕ್ಕೆ ಬೀಳದಿರಲಿ ಎಂಬ ಕಾಳಜಿ ಪೊಳ್ಳಲ್ಲ. ಅಮೆರಿಕದ ಶಾಲೆಗಳ ಅಂಕಿಗಳು ಕಣ್ಣ ಮುಂದಿದ್ದವು.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಕಡಿಮೆ ಕೇಡಿನದೆಂದು ವಾದವಿರುವ ವಸ್ತುವಿಗೆ ಸೆರೆಮನೆ; ಖಚಿತವಾಗಿ ಕೊಲ್ಲುವ ಬೀಡಿ, ಸಿಗರೇಟಿಗೆ ಪ್ರತಿ ಬೀದಿಯ ಮೂಲೆಯಲ್ಲೂ ಅಂಗಡಿ. ಹುಣಸೂರು, ಪಿರಿಯಾಪಟ್ಟಣಗಳ ರೈತರು ಬೆಳೆದ ತಂಬಾಕನ್ನು ಕೇಂದ್ರದ ತಂಬಾಕು ಮಂಡಳಿಯೇ ಹರಾಜು ಹಾಕಿಸುತ್ತದೆ. ನಿಪ್ಪಾಣಿಯ ಹೊಲಗಳಲ್ಲಿ ಬೀಡಿ ತಂಬಾಕು ಬೆಳೆಯುತ್ತದೆ. ದಕ್ಷಿಣ ಕನ್ನಡದ ಎಷ್ಟೋ ಮನೆಗಳ ಅಕ್ಕಿ ಬೇಳೆ ಹೆಂಗಸರು ಬೀಡಿ ಕಟ್ಟಿದ ಕೂಲಿಯಿಂದ ಬಂದದ್ದು. ಸಿಗರೇಟಿನ ತೆರಿಗೆ ಖಜಾನೆಗೆ ಬೇಕು. ಸರಕಾರಿ ಸ್ವಾಮ್ಯದ ಜೀವ ವಿಮಾ ನಿಗಮ ದೇಶದ ಅತಿ ದೊಡ್ಡ ಸಿಗರೇಟು ಕಂಪನಿಯ ದೊಡ್ಡ ಪಾಲುದಾರರಲ್ಲಿ ಒಂದು. ಹೊಸಬನನ್ನು ಬಾಗಿಲಲ್ಲೇ ತಡೆಯುವುದು ಸುಲಭ. ಮನೆಯೊಳಗೆ ಬೇರುಬಿಟ್ಟು ಕೂತವನನ್ನು ಎಬ್ಬಿಸುವುದು ಕಷ್ಟ.

ಚರಿತ್ರೆಯಿಂದ ಓದುಗ ತೆಗೆದುಕೊಳ್ಳಬಹುದಾದ ತಿಳಿವಳಿಕೆಯೆಂದರೆ, ‘ಇದು ಕಡಿಮೆ ಕೇಡಿನದು’ ಎಂದು ಯಾರಾದರೂ ಹೇಳಿದಾಗ ‘ಯಾವುದಕ್ಕಿಂತ? ಯಾರಿಗೆ?’ ಎಂದು ಕೇಳುವುದು. ಇಪ್ಪತ್ತು ವರ್ಷ ಸೇದಿದವನು ಸಿಗರೇಟನ್ನು ಪೂರ್ತಿ ಬಿಟ್ಟು ನಿಕೊಟಿನ್ ಗಮ್ ಜಗಿದರೆ ಆತನಿಗೆ ದೊಡ್ಡ ಲಾಭ. ಸಿಗರೇಟನ್ನೂ ಉಳಿಸಿಕೊಂಡು ಇನ್ನೊಂದನ್ನೂ ಹಿಡಿದರೆ ಆ ಲಾಭ ಸಿಗದು. ಏನನ್ನೂ ಸೇದದ ಹದಿನೈದರ ಹುಡುಗನಿಗೆ ಯಾವ ಬದಲಿಯೂ ಬದಲಿಯಲ್ಲ, ಅದು ಅವನ ಮೊದಲ ಚಟ.

ಹೋಲಿಕೆಯೇ ಬೇಡದ ಲೆಕ್ಕವೊಂದಿದೆ. ಡಾಲ್ ಮತ್ತು ಹಿಲ್ 1951ರಲ್ಲಿ ಬ್ರಿಟನ್ನಿನ ವೈದ್ಯರನ್ನೇ ಅಧ್ಯಯನಕ್ಕೆ ಆರಿಸಿಕೊಂಡಿದ್ದರು. 34,439 ಪುರುಷ ವೈದ್ಯರ 50 ವರ್ಷಗಳ ಬದುಕು ಸಾವಿನ ಲೆಕ್ಕ 2004ರಲ್ಲಿ ಪ್ರಕಟವಾಯಿತು. ಬಿಡದೆ ಸೇದಿದವರು ಸೇದದವರಿಗಿಂತ ಸರಾಸರಿ 10 ವರ್ಷ ಮೊದಲೇ ಸತ್ತರು. 50ನೇ ವಯಸ್ಸಿನಲ್ಲಿ ಬಿಟ್ಟವರ ಅಪಾಯ ಅರ್ಧಕ್ಕಿಳಿಯಿತು. 30ರಲ್ಲಿ ಬಿಟ್ಟವರಿಗೆ ಬಹುತೇಕ ಪೂರ್ತಿ ತಪ್ಪಿತು. ಭಾರತದಲ್ಲಿ ಬಿಡಲು ನೆರವಾಗುವ ಉಚಿತ ದೂರವಾಣಿ 1800-11-2356. ಸಂಖ್ಯೆಯನ್ನು ಬೇರೆಲ್ಲೂ ಹುಡುಕಬೇಕಿಲ್ಲ. ಸಿಗರೇಟು ಪೊಟ್ಟಣದ ಮೇಲೇ ಅಚ್ಚಾಗಿದೆ.